ಔಷಧಿಯ ಬೆಲೆ, ಜೀವದ ಬೆಲೆ

ಔಷಧಿಯ ದರ ಕೇಳುವುದೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಅಮಂಗಲ. ಸಂತೆಯಲ್ಲಿ ಬದನೆಕಾಯಿಗೆ ಎರಡು ರೂಪಾಯಿ ಕಡಿಮೆ ಮಾಡಿಸಲು ಅರ್ಧ ತಾಸು ನಿಲ್ಲುವ ನಾವು, ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟು, ಅವನು ಹೇಳಿದಷ್ಟು ಎಣಿಸಿ, ಚೀಲದಲ್ಲಿ ಹಾಕಿಕೊಂಡು ಬರುತ್ತೇವೆ. ಚೌಕಾಶಿ ಮಾಡಿದರೆ ಮನೆಯ ರೋಗಿಯ ಜೀವಕ್ಕೇ ಬೆಲೆ ಕಟ್ಟಿದಂತಾದೀತೆಂಬ ಅಂಜಿಕೆ. ಈ ಅಂಜಿಕೆ ಒಳ್ಳೆಯ ಮನಸ್ಸಿನದೇ. ಆದರೆ ನಾವು ಕೇಳದಿದ್ದರೂ ಬೆಲೆಯನ್ನು ಯಾರೋ ಕಟ್ಟಿಯೇ ಇರುತ್ತಾರೆ. ಯಾರು ಕಟ್ಟುತ್ತಾರೆ, ಯಾವ ಅಧಿಕಾರದಿಂದ ಕಟ್ಟುತ್ತಾರೆ, ಅದನ್ನು ಕೇಳುವ ಹಕ್ಕು ನಮಗೆ ಇದೆಯೇ ಇಲ್ಲವೇ ಎಂಬುದೇ ಈ ಬರಹದ ವಿಷಯ.

ಪೇಟೆಂಟು, ವಿದೇಶಿ ಬಂಡವಾಳ ಎಂಬ ಮಾತುಗಳು ಬಂದ ಕೂಡಲೆ ಪುಟ ತಿರುವಿಹಾಕಬೇಡಿ. ಇವು ದಿಲ್ಲಿ, ಜಿನೀವಾಗಳ ದೊಡ್ಡ ಮನುಷ್ಯರ ಮಾತುಗಳೆಂದು ನಾನೂ ಬಹಳ ದಿನ ಸುಮ್ಮನಿದ್ದೆ. ಅವು ನಮ್ಮ ಅಡಿಗೆಮನೆಯ ಕಪಾಟಿನವರೆಗೂ ಬಂದು ಕೂತಿರುತ್ತವೆಂಬುದು ಗೊತ್ತಾದದ್ದು ನನ್ನ ನೆಗೆಣ್ಣಿಯ ಬೇನೆಯಲ್ಲಿ.

ನಮ್ಮ ಮನೆ ಇರುವುದು ವಿಜಯಪುರದ ಅಂಚಿನಲ್ಲಿ, ಭೂತನಾಳ ಕೆರೆಯ ಕಡೆಗೆ. ಹೊಲ ಟಿಕೋಟಾ ಕಡೆಗೆ. ನನ್ನ ಯಜಮಾನರ ಅಣ್ಣ, ಅಂದರೆ ನಮ್ಮ ಭಾವನವರು, ಅಲ್ಲಿ ದ್ರಾಕ್ಷಿ ಹಚ್ಚಿದ್ದಾರೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮಣೂಕದ ಶೆಡ್ಡಿನಲ್ಲಿ ಹತ್ತು ಆಳಿನ ಕೆಲಸವನ್ನು ಒಬ್ಬಳೇ ನಡೆಸುವಂಥವಳು. 2015ರಲ್ಲಿ ಆಕೆಯ ಎದೆಯಲ್ಲಿ ಗಂಟು ಕಾಣಿಸಿತು. ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಸೋಲಾಪುರದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಯಿತು. ಗಂಟಿನ ಪರೀಕ್ಷೆ ಮಾಡಿಸಿದ ವೈದ್ಯರು, ಇದು ಎಚ್‌ಇಆರ್-2 ಎಂಬ ಜಾತಿಯದು, ಇದಕ್ಕೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಬೇಕು, ಮೂರು ವಾರಕ್ಕೊಂದರಂತೆ ಒಂದು ವರ್ಷ ಎಂದರು. ಆಗ ಒಂದು ಬಾಟಲಿಯ ದರ ಐವತ್ತು ಸಾವಿರದ ಮೇಲಿತ್ತು. ವರ್ಷಕ್ಕೆ ಹದಿನೇಳು, ಹದಿನೆಂಟು ಸಲ. ಲೆಕ್ಕ ಹಾಕಲು ಪಾಟಿ ಬೇಕಾಗಲಿಲ್ಲ.

ಆ ರಾತ್ರಿ ಮನೆಯಲ್ಲಿ ಎಲ್ಲರೂ ಕೂತೆವು. ಭಾವನವರು ಎರಡು ಎಕರೆ ಮಾರಲು ತಯಾರಾಗಿದ್ದರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಕತೆಗಳಲ್ಲಿ ಗಂಡಸರನ್ನು ಕಟುಕರನ್ನಾಗಿ ಮಾಡುವುದು ಸುಲಭ. ಬೇಡವೆಂದವಳು ಅಕ್ಕ. “ಹೊಲಾ ಮಾರಿ ನನಗ ಸೂಜಿ ಹಾಕ್ಸಿದ್ರ, ನಾಳಿ ಈ ಹುಡುಗೂರು ಏನ್ ತಿನ್ನಬೇಕ್ರಿ? ಹುಡುಗನ ಓದು ಅರ್ಧಾ ಐತಿ, ಹುಡುಗಿ ಲಗ್ನ ಮುಂದ ಐತಿ” ಎಂದಳು. ಕೊನೆಗೆ ಸಾಲ ಮಾಡಿ ಶುರು ಮಾಡೋಣ, ಮುಂದಿನದು ಮುಂದೆ ಎಂದು ಗೊತ್ತಾಯಿತು. ನಾಲ್ಕು ಇಂಜೆಕ್ಷನ್ ಆದವು. ಐದನೆಯದಕ್ಕೆ ಹೊರಡುವ ದಿನ ಆಕೆ, “ಡಾಕ್ಟರ್ ಸಾಕಂದಾರು, ಇನ್ನ ಬರೇ ಗುಳಗಿ” ಎಂದಳು. ಎಲ್ಲರೂ ನಂಬಿದರು. ಡಾಕ್ಟರು ಹಾಗೆ ಹೇಳಿರಲಿಲ್ಲವೆಂಬುದು ತಿಳಿದದ್ದು 2019ರಲ್ಲಿ, ಆಕೆ ಹೋದ ಮೇಲೆ, ಆಕೆಯ ಫೈಲಿನ ಕಾಗದಗಳನ್ನು ಮಗ ಒಂದೊಂದಾಗಿ ಓದಿದಾಗ.

ಪೂರ್ತಿ ವರ್ಷದ ಔಷಧಿ ಆಗಿದ್ದರೆ ಆಕೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ವೈದ್ಯರೂ ಹೇಳಲಾರರು. ಔಷಧಿ ಪೂರ್ತಿ ಪಡೆದೂ ಹೋದವರಿದ್ದಾರೆ, ಅರ್ಧಕ್ಕೆ ಬಿಟ್ಟೂ ಉಳಿದವರಿದ್ದಾರೆ. ಆದ್ದರಿಂದ ಆಕೆಯ ಸಾವನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ. ನನ್ನನ್ನು ಕಾಡುವುದು ಸಾವಿಗಿಂತ ಆಕೆಯ ಆ ಸುಳ್ಳು. ಒಂದು ಬೆಲೆಚೀಟಿಯನ್ನು ನೋಡಿ, ತನ್ನ ಜೀವ ಅಷ್ಟು ಬಾಳುವುದಿಲ್ಲವೆಂದು ಆಕೆ ತಾನೇ ತೀರ್ಪು ಕೊಟ್ಟುಕೊಂಡಳು.

ಆ ಔಷಧಿಯ ಕತೆಯನ್ನು ಆಮೇಲೆ ನಾನು ಹುಡುಕಿ ಹುಡುಕಿ ಓದಿದೆ. ಸ್ತನ ಕ್ಯಾನ್ಸರಿನಲ್ಲಿ ಸುಮಾರು ಐದರಲ್ಲಿ ಒಂದು ಈ ಎಚ್‌ಇಆರ್-2 ಜಾತಿಯದು, ಬಹಳ ವೇಗದಲ್ಲಿ ಹಬ್ಬುವಂಥದು. ಅಮೆರಿಕದ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ಡಾ. ಡೆನ್ನಿಸ್ ಸ್ಲೇಮನ್ ಎಂಬವರು ಇದರ ಬೆನ್ನು ಹತ್ತಿದರು. ಔಷಧಿ ಮಾಡುತ್ತಿದ್ದ ಜೆನೆನ್‌ಟೆಕ್ ಕಂಪನಿ ನಡುವೆ ಹಿಂದೆಮುಂದೆ ನೋಡಿದಾಗ, ಸ್ಲೇಮನ್ ಅವರ ಸಂಶೋಧನೆಗೆ ದೊಡ್ಡ ಆಸರೆಯಾದದ್ದು ರೆವ್ಲಾನ್ ಎಂಬ ತುಟಿಬಣ್ಣದ ಕಂಪನಿಯ ದಾನದ ಹಣ. ಪ್ರಯೋಗಗಳಿಗೆ ಮೈಕೊಟ್ಟವರು ಸಾವಿನ ಬಾಗಿಲಲ್ಲಿದ್ದ ಹೆಂಗಸರು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹೀಗೆ ಒಂದು ಬಾಟಲಿಯ ಒಳಗೆ ವಿಶ್ವವಿದ್ಯಾಲಯದ ವಿದ್ಯೆ, ದಾನಿಗಳ ಹಣ, ಕಂಪನಿಯ ಬಂಡವಾಳ, ರೋಗಿಗಳ ಮೈ ಎಲ್ಲವೂ ಇದ್ದವು. ಹೊರಗಿನ ಚೀಟಿಯ ಮೇಲೆ ಮಾತ್ರ ಒಬ್ಬರದೇ ಹೆಸರು.

ನಮ್ಮ ದೇಶದಲ್ಲಿ 2012ರಲ್ಲಿ ಈ ಔಷಧಿ ಅಗ್ಗವಾಗಬೇಕೆಂದು ರೋಗಿಗಳ, ಮಹಿಳೆಯರ ಗುಂಪುಗಳು ಕೂಗೆಬ್ಬಿಸಿದವು. 2013ರ ಆಗಸ್ಟಿನಲ್ಲಿ ರೋಶ್ ಕಂಪನಿ ಇಲ್ಲಿಯ ತನ್ನ ಪೇಟೆಂಟನ್ನು ಕೈಬಿಟ್ಟಿತು. ಆ ವರ್ಷದ ಕೊನೆಗೆ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧಿಗೆ ಅನುಮತಿ ಪಡೆದು, 2014ರಲ್ಲಿ ಮಾರುಕಟ್ಟೆಗೆ ತಂದಿತು. ದೊಡ್ಡ ಬಾಟಲಿಗೆ 57,500 ರೂಪಾಯಿ, ಮೊದಲಿನದಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ರೋಶ್ ದಿಲ್ಲಿ ಹೈಕೋರ್ಟಿಗೆ ಹೋಯಿತು. ಅಲ್ಲಿಗೆ ಪೇಟೆಂಟು ಹೋದರೂ ವ್ಯಾಜ್ಯ ಹೋಗಲಿಲ್ಲ. ಕಾಲುಭಾಗ ಇಳಿದರೂ ನಮ್ಮಂಥವರ ಕೈಗೆ ಅದು ಎಟುಕುವಷ್ಟು ಇಳಿದಿರಲಿಲ್ಲ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಅದೇ 2015ರಲ್ಲಿ ಸರಕಾರ ಈ ಔಷಧಿಯನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಆಮೇಲೆ ಇನ್ನಷ್ಟು ಕಂಪನಿಗಳು ಬಂದವು, ದರವೂ ಇಳಿಯುತ್ತ ಬಂತು.

ಇಲ್ಲಿಯವರೆಗೆ ಕೇಳಿದರೆ ಕತೆ ಬಹಳ ಸರಳ. ಕಂಪನಿ ಕೆಟ್ಟದ್ದು, ಪೇಟೆಂಟು ಪಾಪ. ಆದರೆ ಅದನ್ನು ಒಪ್ಪದವನು ನಮ್ಮ ಮನೆಯಲ್ಲೇ ಇದ್ದಾನೆ. ಅವನು ಅಕ್ಕನ ಮಗ. ತಾಯಿ ತನ್ನ ಔಷಧಿ ನಿಲ್ಲಿಸಿ ಓದಿಸಿದ ಹುಡುಗ ರಸಾಯನಶಾಸ್ತ್ರ ಓದಿ, ಈಗ ಬೆಂಗಳೂರಿನ ಒಂದು ಔಷಧಿ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾನೆ. ದೀಪಾವಳಿಗೆ ಬಂದಾಗ ನಾನು ಈ ಮಾತು ತೆಗೆದರೆ ಅವನು ಮೆಲ್ಲಗೆ ಹೇಳುತ್ತಾನೆ: “ಚಿಗವ್ವ, ನೀ ಹೇಳೂದು ಖರೇ ಐತಿ. ಆದ್ರ ಅವ್ವಗ ಆ ಔಷಧ ಐತಿ ಅಂತ ಹೇಳಾಕರ ಒಂದ್ ಔಷಧ ಇತ್ತಲ್ಲ? ಅದನ್ನ ಯಾರೂ ಹುಡುಕದಿದ್ರ ನಾವು ದರದ ಜಗಳಾನೂ ಮಾಡತಿರಲಿಲ್ಲ.” ಅವನ ಪ್ರಯೋಗಶಾಲೆಯಲ್ಲಿ ನೂರಾರು ವಸ್ತುಗಳನ್ನು ಪರೀಕ್ಷಿಸಿ ಎಸೆಯುತ್ತಾರಂತೆ. ವರ್ಷಗಟ್ಟಲೆ ದುಡಿದದ್ದು ಕೊನೆಯ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದಂತೆ. ಗೆದ್ದ ಒಂದು ಔಷಧಿ ಸೋತ ಎಲ್ಲವುಗಳ ಖರ್ಚು ಹೊರಬೇಕು ಎಂಬುದು ಅವನ ವಾದ.

ಭಾವನವರೂ ಮಗನ ಕಡೆಗೇ. “ದ್ರಾಕ್ಷಿ ಹಚ್ಚಿದ್ರ ಎರಡ್ ವರ್ಷ ಬರೇ ಖರ್ಚು. ಬೇಲಿ ಇಲ್ಲದ ತ್ವಾಟಾ ಯಾರ ಹಚ್ಚತಾರ?” ಎನ್ನುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಹೀಗೆ ಹೇಳಿದಾಗ ನಾನು ಆ ಮಾತನ್ನು ಹಗುರ ಮಾಡಲಾರೆ.

ಇದಕ್ಕೆ ನಾನೇ ಇನ್ನೊಂದು ಕಾರಣ ಸೇರಿಸುತ್ತೇನೆ. ನಾನು ಚಿಕ್ಕವಳಿದ್ದಾಗ ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಕಾಮಣಿಗೆ ಔಷಧಿ ಕೊಡುವ ಅಜ್ಜ ಇದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ ಕೊಟ್ಟರೆ ಸಾಕು. ಆದರೆ ಯಾವ ಸೊಪ್ಪು, ಯಾವ ಬೇರು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎಂಬ ನಂಬಿಗೆ ನಮ್ಮ ಕಡೆ ಇದೆಯಲ್ಲ! ಅಜ್ಜ ತೀರಿಕೊಂಡ, ಔಷಧಿಯೂ ಅವನ ಜೊತೆ ಮಣ್ಣಿಗೆ ಹೋಯಿತು. ಅದು ನಿಜವಾಗಿ ಗುಣ ಮಾಡುತ್ತಿತ್ತೋ ಇಲ್ಲವೋ ಎಂದು ಪರೀಕ್ಷಿಸಲೂ ಈಗ ಏನೂ ಉಳಿದಿಲ್ಲ. ಪೇಟೆಂಟಿನ ಮೂಲ ವಿಚಾರ ಇದಕ್ಕೆ ತೀರ ವಿರುದ್ಧವಾದದ್ದು. ನೀನು ಕಂಡುಹಿಡಿದದ್ದನ್ನು ಪೂರ್ತಿಯಾಗಿ ಬರೆದು ಲೋಕಕ್ಕೆ ಕೊಡು, ಅದಕ್ಕೆ ಪ್ರತಿಯಾಗಿ ಇಪ್ಪತ್ತು ವರ್ಷ ನಿನ್ನೊಬ್ಬನಿಗೇ ಮಾರುವ ಹಕ್ಕು, ಆಮೇಲೆ ಅದು ಎಲ್ಲರದು. ದುಡ್ಡು ಕೇಳದ ಅಜ್ಜನ ಗುಟ್ಟಿಗಿಂತ ದುಡ್ಡು ಕೇಳುವ ಈ ಒಪ್ಪಂದದಲ್ಲಿ ಲೋಕಕ್ಕೆ ಹೆಚ್ಚು ಲಾಭವಿದೆಯೆಂದು ಒಪ್ಪಲೇಬೇಕು.

ಒಪ್ಪಂದ ಎಂದೆ. ನನ್ನ ಇಡೀ ವಾದ ಆ ಒಂದು ಶಬ್ದದ ಮೇಲೆ ನಿಂತಿದೆ. ಪೇಟೆಂಟು ಹುಟ್ಟಿನಿಂದ ಬಂದ ಹಕ್ಕಲ್ಲ, ಸಮಾಜ ಒಂದು ಕರಾರಿನ ಮೇಲೆ ಕೊಟ್ಟದ್ದು. ಕರಾರಿಗೆ ಎರಡು ಕಡೆ ಇರುತ್ತವೆ. ಒಂದು ಕಡೆಯವರು ಬೆಲೆಯನ್ನು ಎಷ್ಟು ಏರಿಸಿದರೆಂದರೆ, ಯಾರಿಗಾಗಿ ಔಷಧಿ ಹುಟ್ಟಿತೋ ಅವರೇ ಬಾಗಿಲ ಹೊರಗೆ ಉಳಿದರು ಎಂದಾದರೆ, ಇನ್ನೊಂದು ಕಡೆಯವರಾದ ನಾವು ಆ ಕಾಗದವನ್ನು ಮತ್ತೆ ಬಿಚ್ಚಿ ಓದಬಹುದು.

ನಮ್ಮ ದೇಶ ಹಾಗೆ ಓದಿದ್ದೂ ಉಂಟು. ಬ್ರಿಟಿಷರ ಕಾಲದ 1911ರ ಕಾಯಿದೆ ಸ್ವಾತಂತ್ರ್ಯ ಬಂದ ಮೇಲೂ ನಡೆಯುತ್ತಿತ್ತು. ಪೇಟೆಂಟುಗಳಲ್ಲಿ ಬಹುಪಾಲು ಹೊರದೇಶದವರವು, ಅವುಗಳಲ್ಲಿ ಬಹುಪಾಲನ್ನು ಇಲ್ಲಿ ತಯಾರಿಸುತ್ತಲೂ ಇರಲಿಲ್ಲ. ಬಡ ದೇಶವಾದ ಭಾರತದಲ್ಲಿ ಕೆಲವು ಔಷಧಿಗಳ ದರ ಲೋಕದಲ್ಲೇ ಹೆಚ್ಚು ಎಂದು ಅಮೆರಿಕದ ಸೆನೆಟರ್ ಕೆಫಾವರ್ ಅವರ ಸಮಿತಿಯೇ ಹೇಳಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ವರದಿ ಕೊಟ್ಟರು. ಅದರ ಫಲವೇ 1972ರಲ್ಲಿ ಜಾರಿಗೆ ಬಂದ 1970ರ ಪೇಟೆಂಟ್ ಕಾಯಿದೆ. ಔಷಧಿಗೆ ಪೇಟೆಂಟಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ ಎಂದಿತು ಅದು. ಹೋಳಿಗೆಯ ಮೇಲೆ ಯಾರ ಹಕ್ಕೂ ಇಲ್ಲ, ನಿನ್ನ ಹೂರಣದ ರೀತಿಗೆ ಮಾತ್ರ ಹಕ್ಕು ಎಂದಂತೆ. ಬೇರೆ ರೀತಿಯಲ್ಲಿ ಮಾಡಬಲ್ಲವರು ಮಾಡಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ನಮ್ಮ ಕಂಪನಿಗಳು ಬೆಳೆದು, ಅರ್ಧ ಲೋಕಕ್ಕೆ ಅಗ್ಗದ ಔಷಧಿ ಕಳಿಸುವಷ್ಟಾದವು. 2001ರಲ್ಲಿ ಏಡ್ಸ್ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಬೀಳುತ್ತಿದ್ದ ಔಷಧಿಯನ್ನು ಮುಂಬೈಯ ಸಿಪ್ಲಾ 350 ಡಾಲರಿಗೆ ಕೊಡುತ್ತೇವೆಂದಾಗ ಆಫ್ರಿಕದ ಎಷ್ಟೋ ಮನೆಗಳಿಗೆ ಜೀವ ಬಂತು.

ಅಷ್ಟರಲ್ಲಿ ಗಾಳಿ ತಿರುಗಿತ್ತು. 1991ರ ಕೊನೆಗೆ ಬಂದ ಡಂಕೆಲ್ ಕರಡು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ರೈತ ಸಂಘದವರು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದರು. 1993ರಲ್ಲಿ ಗಾಂಧಿ ಜಯಂತಿಯ ದಿನ ಕಬ್ಬನ್ ಪಾರ್ಕಿನಲ್ಲಿ ಹಸಿರು ಟವೆಲ್ಲುಗಳ ಸಮುದ್ರವೇ ನೆರೆದಿತ್ತು. ಅವರ ಅಂಜಿಕೆ ಬೀಜದ್ದು. ಅದೇ ಒಪ್ಪಂದದಲ್ಲಿ ಗುಳಿಗೆಯೂ ಇತ್ತು, ಆದರೆ ಗುಳಿಗೆಗಾಗಿ ಬೀದಿಗೆ ಇಳಿಯಲು ರೋಗಿಗಳಿಗೆ ಸಂಘವಿರಲಿಲ್ಲ. 1995ರಲ್ಲಿ ಟ್ರಿಪ್ಸ್ ಒಪ್ಪಂದ ಜಾರಿಗೆ ಬಂತು. ನಮಗೆ ಹತ್ತು ವರ್ಷದ ಗಡುವು ಸಿಕ್ಕು, 2005ರಿಂದ ಔಷಧಿಗೂ ಇಪ್ಪತ್ತು ವರ್ಷದ ಪೇಟೆಂಟು ಕೊಡುವುದು ಶುರುವಾಯಿತು.

ಅದೃಷ್ಟಕ್ಕೆ ನಮ್ಮ ಸಂಸತ್ತು 2005ರ ಕಾಯಿದೆಯಲ್ಲಿ ಎರಡು ಬಾಗಿಲುಗಳನ್ನು ತೆರೆದಿಟ್ಟಿತು. ಒಂದು, 3(ಡಿ) ಎಂಬ ಕಲಮು. ಹಳೆಯ ಔಷಧಿಯ ರೂಪವನ್ನು ತುಸು ಬದಲಿಸಿ ಹೊಸದೆಂದು ಪೇಟೆಂಟು ಕೇಳುವಂತಿಲ್ಲ, ಗುಣ ಹೆಚ್ಚಿದ್ದನ್ನು ತೋರಿಸಬೇಕು. ಹಳೆಯ ಇಳಕಲ್ ಸೀರೆಗೆ ಹೊಸ ಫಾಲ್ ಹಚ್ಚಿ ಹೊಸ ಸೀರೆಯೆಂದರೆ ನಾವು ಒಪ್ಪುತ್ತೇವೆಯೇ? ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ಬಗ್ಗೆ ನೋವಾರ್ಟಿಸ್ ಕಂಪನಿ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಇದೇ ಕಲಮಿನ ಆಧಾರದಿಂದ ತಳ್ಳಿಹಾಕಿತು. ಆ ಕಂಪನಿಯ ಔಷಧಿಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ಇಲ್ಲಿ ತಯಾರಾದದ್ದಕ್ಕೆ ಹತ್ತು ಸಾವಿರದ ಒಳಗೆ.

ಎರಡನೆಯ ಬಾಗಿಲು ಕಡ್ಡಾಯ ಪರವಾನಗಿ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಜಿಲ್ಲೆಯವರಿಗೆ ಕಾಯಿದೆಯ ಪುಸ್ತಕ ಬೇಕಿಲ್ಲ. 1972ರ ಬರ ಕಂಡ ಹಿರಿಯರು ಇನ್ನೂ ಇದ್ದಾರೆ. ಭೂತನಾಳ ಕೆರೆ ತಳ ಕಂಡ ಬೇಸಿಗೆಗಳನ್ನು ನಾವೂ ನೋಡಿದ್ದೇವೆ. ಅಂಥ ವರ್ಷಗಳಲ್ಲಿ ಸರಕಾರದವರು ಏನು ಮಾಡುತ್ತಾರೆ? ನೀರಿರುವ ಖಾಸಗಿ ಬೋರ್‌ವೆಲ್ ಹುಡುಕಿ, ಊರಿನ ಕುಡಿಯುವ ನೀರಿಗೆ ಪಡೆಯುತ್ತಾರೆ. ಮಾಲಕನಿಗೆ ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕೊಡುತ್ತಾರೆ. ಬೋರ್ ಅವನದೇ. ಕೊರೆಸಿದ ಖರ್ಚು ಅವನದೇ, ಅದರಲ್ಲಿ ನೀರು ಬೀಳದೆ ಹೋದ ಎರಡು ಬೋರಿನ ನಷ್ಟವೂ ಅವನದೇ. ಅದನ್ನೆಲ್ಲ ಊರು ಒಪ್ಪುತ್ತದೆ. ಆದರೂ ಹೆಂಗಸರು ಕೊಡ ಹಿಡಿದು ನಿಂತಾಗ ಅವನು ದ್ರಾಕ್ಷಿಗಷ್ಟೇ ನೀರು ಎನ್ನುವಂತಿಲ್ಲ. ಬೇಲಿ ತೋಟಕ್ಕೆ ಸರಿ, ಬರದಲ್ಲಿ ಕುಡಿಯುವ ನೀರಿಗೆ ಬೇಲಿ ಇಲ್ಲ. ಭಾವನವರಿಗೆ ನಾನು ಕೊಟ್ಟ ಉತ್ತರ ಇದೇ. ಅವರು ಬಹಳ ಹೊತ್ತು ಸುಮ್ಮನೆ ಕೂತು, “ಬಾಡಿಗಿ ಮಾತ್ರ ಬರೋಬ್ಬರಿ ಕೊಡಬೇಕ ನೋಡವ್ವಾ” ಎಂದರು. ಅದೂ ನ್ಯಾಯವೇ.

2012ರ ಮಾರ್ಚ್ 9ರಂದು ನಮ್ಮ ದೇಶದಲ್ಲಿ ಮೊದಲ ಸಲ ಹೀಗೆಯೇ ಆಯಿತು. ಯಕೃತ್ತಿನ, ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಬೇಯರ್ ಕಂಪನಿಯ ನೆಕ್ಸಾವರ್ ಔಷಧಿಗೆ ತಿಂಗಳಿಗೆ 2,80,428 ರೂಪಾಯಿ ಇತ್ತು. ಬೇಕಾದವರಲ್ಲಿ ನೂರಕ್ಕೆ ಸುಮಾರು ಎರಡು ಮಂದಿಗೆ ಮಾತ್ರ ಅದು ಮುಟ್ಟುತ್ತಿತ್ತು. ಪೇಟೆಂಟ್ ನಿಯಂತ್ರಕರಾಗಿದ್ದ ಪಿ.ಎಚ್. ಕುರಿಯನ್ ಅವರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ತಯಾರಿಸಲು ಪರವಾನಗಿ ಕೊಟ್ಟು, ದರವನ್ನು 8,880 ರೂಪಾಯಿಗೆ ಕಟ್ಟಿದರು. ಮಾರಾಟದ ಮೇಲೆ ನೂರಕ್ಕೆ ಆರರಂತೆ ಬೇಯರ್‌ಗೆ ರಾಯಲ್ಟಿ, ಮುಂದೆ ಮೇಲ್ಮನವಿಯಲ್ಲಿ ಅದು ಏಳಾಯಿತು. ಅದೇ ನಮ್ಮ ಬೋರಿನ ಬಾಡಿಗೆ.

ಹಾಗಾದರೆ ಹೀಗೆಯೇ ಎಲ್ಲ ಔಷಧಿಗೂ ಮಾಡಿಬಿಡಬಹುದಲ್ಲ? ಇಲ್ಲಿ ವಿದೇಶಿ ಬಂಡವಾಳದ ಮಾತು ಬರುತ್ತದೆ. ಹಾಗೆ ಮಾಡಿದರೆ ಹೊರಗಿನವರು ಇಲ್ಲಿಗೆ ಹಣ ತರುವುದಿಲ್ಲ, ಹೊಸ ಔಷಧಿಯನ್ನು ಇಲ್ಲಿಗೆ ಕಳಿಸುವುದೇ ಇಲ್ಲ ಎನ್ನುತ್ತಾರೆ. ಇದು ಬರೀ ಬೆದರಿಕೆಯಲ್ಲ, ಅದರಲ್ಲಿ ಸತ್ಯವೂ ಇದೆ. ಹೊರಗಿನ ಹಣವೆಂದರೆ ಕೆಟ್ಟದ್ದೇ ಎನ್ನುವವರು ಬಯೋಕಾನಿನ ಹುಟ್ಟನ್ನೇ ನೋಡಬೇಕು. 1978ರಲ್ಲಿ ಕಿರಣ್ ಮಜುಂದಾರ್ ಎಂಬ ಇಪ್ಪತ್ತೈದು ವರ್ಷದ ಹುಡುಗಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಅದನ್ನು ಶುರು ಮಾಡಿದ್ದು ಐರ್ಲೆಂಡಿನ ಒಂದು ಕಂಪನಿಯ ಜೊತೆ ಪಾಲುದಾರಿಕೆಯಲ್ಲಿ. ಹೊರಗಿನವರ ಪಾಲು ನೂರಕ್ಕೆ ಮೂವತ್ತು ಮೀರಬಾರದೆಂಬ ನಿಯಮ ಆಗಿತ್ತು. ಹಣವೂ ಬಂತು, ಯಜಮಾನಿಕೆಯೂ ಇಲ್ಲೇ ಉಳಿಯಿತು. ಅಲ್ಲಿ ತಯಾರಾದ ಟ್ರಾಸ್ಟುಜುಮ್ಯಾಬ್‌ಗೆ 2017ರಲ್ಲಿ ಅಮೆರಿಕವೇ ಅನುಮತಿ ಕೊಟ್ಟಿತು.

ಆದರೆ ಹಣದಲ್ಲೂ ಎರಡು ಬಗೆ. ಹೊಸ ಒಲೆ ಹೂಡಲು ಬರುವ ಹಣ ಬೇರೆ, ಹೊತ್ತಿದ ಒಲೆಯನ್ನು ಕೊಳ್ಳಲು ಬರುವ ಹಣ ಬೇರೆ. 2008ರಲ್ಲಿ ರಾನ್‌ಬಾಕ್ಸಿ ಜಪಾನಿನ ಕಂಪನಿಯ ಪಾಲಾಯಿತು. 2010ರಲ್ಲಿ ಪಿರಾಮಲ್‌ನ ದೇಶೀ ಔಷಧಿ ವ್ಯಾಪಾರ ಅಮೆರಿಕದ ಅಬಾಟ್ ಕೈಗೆ ಹೋಯಿತು. ಅಗ್ಗದ ಔಷಧಿ ಮಾಡುವವರನ್ನೇ ಕೊಂಡುಬಿಟ್ಟರೆ ನಾಳೆ ಪರವಾನಗಿ ಕೊಡಲು ಯಾರು ಉಳಿದಾರು ಎಂಬ ಚಿಂತೆ ಹುಟ್ಟಿ, 2011ರಲ್ಲಿ ಸರಕಾರ, ಇದ್ದ ಕಂಪನಿ ಕೊಳ್ಳುವ ಹಣಕ್ಕೆ ಮೊದಲು ಅನುಮತಿ ಬೇಕು ಎಂದಿತು. 2016ರಲ್ಲಿ ಆ ಬಿಗಿಯನ್ನು ಸಡಿಲಿಸಿ, ನೂರಕ್ಕೆ 74ರವರೆಗೆ ಅನುಮತಿ ಬೇಕಿಲ್ಲ ಎಂದಿತು. ಬಂಡವಾಳ ಬಂತೋ ಇಲ್ಲವೋ ಎಂದು ಎಣಿಸುವವರು, ಅದು ಬಂದು ಏನು ಮಾಡಿತು ಎಂದೂ ಎಣಿಸಬೇಕು.

ಇನ್ನು ಪೇಟೆಂಟಿನ ಆಸೆಯಿಂದಲೇ ಔಷಧಿ ಹುಟ್ಟುತ್ತದೆ ಎಂಬ ಮಾತನ್ನು ನಮ್ಮ ಕ್ಷಯರೋಗಿಗಳ ಮುಂದೆ ಹೇಳಿ ನೋಡಿ. 1960ರ ದಶಕದ ರಿಫಾಂಪಿಸಿನ್ ಆದಮೇಲೆ ಕ್ಷಯಕ್ಕೆ ನಿಜವಾಗಿ ಹೊಸದೆನ್ನಬಹುದಾದ ಬೆಡಾಕ್ವಿಲಿನ್ ಬಂದದ್ದು 2012ರಲ್ಲಿ. ನಲವತ್ತು ವರ್ಷ ಮೀರಿದ ಅಂತರ! ಬಡವರ ರೋಗಕ್ಕೆ ಕೊಳ್ಳುವವರಿಲ್ಲ, ಆದ್ದರಿಂದ ಹುಡುಕುವವರೂ ಕಡಿಮೆ. ಆ ಒಂದು ಔಷಧಿಯ ಹಕ್ಕನ್ನು ಜಾನ್ಸನ್ ಆ್ಯಂಡ್ ಜಾನ್ಸನ್ ಇನ್ನೂ ನಾಲ್ಕು ವರ್ಷ ಹಿಗ್ಗಿಸಲು ಹೊರಟಾಗ ಎದುರು ನಿಂತವರಲ್ಲಿ ಇಬ್ಬರು ಯುವತಿಯರಿದ್ದರು. ಮುಂಬೈಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯವನ್ನು ಗೆದ್ದವರು, ಇಬ್ಬರೂ ಹಳೆಯ ಔಷಧಿಯ ವಿಷದಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ತಮಗೆ ಇನ್ನು ಆ ಔಷಧಿ ಬೇಕಾಗಿರಲಿಲ್ಲ, ಬೇರೆಯವರ ಕಿವಿ ಉಳಿಯಲೆಂದು ಹೋರಾಡಿದರು. ನೀತಿಯ ದೊಡ್ಡ ಗ್ರಂಥಗಳಲ್ಲಿ ಹುಡುಕುವ ಮಾತು ಇಲ್ಲಿ ಕಣ್ಣೆದುರಿಗೆ ಸಿಗುತ್ತದೆ.

ಹಾಗೆಂದು ಅಗ್ಗವಾದದ್ದೆಲ್ಲ ಒಳ್ಳೆಯದೆಂದೂ ನಾನು ಹೇಳಲಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ, ಅವರಿಗೆ ಏರಿಸಿದ್ದ ಸಲಾಯಿನ್ನಿನ ಮೇಲೆ ಅನುಮಾನ ಬಂದು ಸರಕಾರ ಅದರ ಬಳಕೆಯನ್ನೇ ನಿಲ್ಲಿಸಬೇಕಾಯಿತು. ಆ ಸಲಾಯಿನ್ನಿಗೆ ಪೇಟೆಂಟೂ ಇಲ್ಲ, ದೊಡ್ಡ ದರವೂ ಇಲ್ಲ. ಕೂಸನ್ನು ನೋಡುವ ಮೊದಲೇ ಹೋದ ಆ ತಾಯಂದಿರ ಮುಂದೆ ಅಗ್ಗ ಎಂಬ ಮಾತಿಗೆ ಏನರ್ಥ? ಅಗ್ಗದ ಔಷಧಿಯನ್ನು ಪರೀಕ್ಷಿಸುವ ಪ್ರಯೋಗಶಾಲೆಗೆ, ಇನ್‌ಸ್ಪೆಕ್ಟರಿಗೆ ಖರ್ಚು ಮಾಡದ ಸರಕಾರ ಬಡವರಿಗೆ ಔಷಧಿ ಕೊಟ್ಟೆನೆಂದು ಹೇಳಿಕೊಳ್ಳಬಾರದು. ಸಂತೆಯಲ್ಲಿ ಕೊಳೆತ ಬದನೆಕಾಯಿಯನ್ನು ಅರ್ಧ ದರಕ್ಕೆ ಕೊಟ್ಟರೆ ನಾವು ಉಪಕಾರವೆನ್ನುವುದಿಲ್ಲ.

ಇಂಗ್ಲೆಂಡಿನ ಒಂದು ಅಧ್ಯಯನದ ಮಾತು ಹೇಳಿಬಿಡುತ್ತೇನೆ. ಅದೇ ಟ್ರಾಸ್ಟುಜುಮ್ಯಾಬ್ ಅನ್ನು ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಅರ್ಧ ಮಂದಿಗೆ ಹನ್ನೆರಡು ತಿಂಗಳು, ಅರ್ಧ ಮಂದಿಗೆ ಆರೇ ತಿಂಗಳು ಕೊಟ್ಟು ನೋಡಿದರು. ನಾಲ್ಕು ವರ್ಷದ ಮೇಲೆ ರೋಗ ಮರುಕಳಿಸದೆ ಉಳಿದವರು ಒಂದು ಗುಂಪಿನಲ್ಲಿ ನೂರಕ್ಕೆ 89.8, ಇನ್ನೊಂದರಲ್ಲಿ 89.4. ಫಲಿತಾಂಶ ಹೊರಬಂದದ್ದು 2019ರಲ್ಲಿ. ಫ್ರಾನ್ಸಿನ ಅಧ್ಯಯನವೊಂದು ಇದನ್ನು ಸಿದ್ಧಪಡಿಸಲಾಗದೆ ಹೋದದ್ದರಿಂದ ಹನ್ನೆರಡು ತಿಂಗಳೇ ಸರಿ ಎನ್ನುವ ವೈದ್ಯರು ಬಹಳ ಮಂದಿ. ಆದ್ದರಿಂದ ಇದನ್ನು ಓದಿ ಯಾರೂ ತಮ್ಮ ಔಷಧಿ ನಿಲ್ಲಿಸಬಾರದು. ನಾನು ಹೇಳುವುದು ಬೇರೆ. ತನ್ನ ಔಷಧಿ ಅರ್ಧ ಸಾಕೇನೋ ಎಂದು ಪರೀಕ್ಷಿಸಲು ಯಾವ ಕಂಪನಿ ಹಣ ಹಾಕೀತು? ಈ ಪರೀಕ್ಷೆಗೆ ಹಣ ಕೊಟ್ಟದ್ದು ಅಲ್ಲಿಯ ಸರಕಾರ. ಲಾಭದ ದಾರಿಯಲ್ಲಿ ಸಿಗದ ಸತ್ಯಗಳನ್ನು ಹುಡುಕಲು ಎಲ್ಲರ ಹಣ ಬೇಕೇ ಬೇಕು. 1923ರಲ್ಲಿ ಇನ್ಸುಲಿನ್ ಕಂಡುಹಿಡಿದವರು ತಮ್ಮ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟಿದ್ದರು. ಅಂಥ ಮನಸ್ಸನ್ನು ಕಾಯಿದೆ ಮಾಡಿ ಹುಟ್ಟಿಸಲಾಗದು. ಆದರೆ ಸರಕಾರದ ಹಣದಿಂದ ಹುಟ್ಟಿದ ಔಷಧಿಗೆ ದರದ ಕರಾರನ್ನು ಮೊದಲೇ ಬರೆಸಿಕೊಳ್ಳಬಹುದು.

ಕೊನೆಗೆ ನಮ್ಮ ಪಾಲಿನ ಮಾತು. ಬಾಟಲಿಯ ದರ ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಆದರೆ ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಒಂದೇ ಆಗಿ ಉಳಿಯುವುದಿಲ್ಲ. ಯಜಮಾನರ ಔಷಧಿ ಮೊದಲು, ಮಕ್ಕಳದು ಆಮೇಲೆ, ಅತ್ತೆ ಮಾವಂದಿರದು ಅದರ ಬೆನ್ನಿಗೆ, ತನ್ನದು ಉಳಿದರೆ. ಈ ಪಟ್ಟಿಯನ್ನು ಯಾವ ಕಂಪನಿಯೂ ಬರೆದಿಲ್ಲ, ನಾವೇ ಬರೆದಿಟ್ಟುಕೊಂಡಿದ್ದೇವೆ. ಆದ್ದರಿಂದ ಔಷಧಿಯ ದರ ಒಂದು ಹಿಡಿ ಏರಿದಾಗ ಮೊದಲು ಜಾರಿ ಬೀಳುವವಳು ಹೆಂಗಸು. ಪೇಟೆಂಟಿನ ಚರ್ಚೆ ಮಾಡುವ ದೊಡ್ಡವರು ಬಡವರು ಎಂದು ಒಟ್ಟಿಗೆ ಹೇಳುತ್ತಾರೆ. ಆ ಬಡವರೊಳಗೆ ಕಡೆಯ ಸಾಲಿನಲ್ಲಿ ಕೂತವಳನ್ನು ಅವರು ಎಣಿಸುವುದಿಲ್ಲ. ಆಕೆ ದೂರು ಕೊಡುವುದಿಲ್ಲವಲ್ಲ, ಡಾಕ್ಟರು ಸಾಕೆಂದರು ಎಂದು ಹೇಳಿ ಅಡಿಗೆಮನೆಗೆ ಹೋಗಿಬಿಡುತ್ತಾಳೆ.

ಕಾಯಿದೆಯನ್ನು ತಿದ್ದುವ ಕೆಲಸ ದೊಡ್ಡದು, ಅದನ್ನು ಮಾಡುವವರು ಮಾಡಲಿ, ಮಾಡದಿದ್ದರೆ ಮತ ಕೇಳಲು ಬಂದಾಗ ಕೇಳೋಣ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕೆಲವಿವೆ. ಚೀಟಿ ಬರೆಸಿಕೊಳ್ಳುವಾಗ ಔಷಧಿಯ ಮೂಲ ಹೆಸರು ಕೇಳಿ ಬರೆಸಿಕೊಳ್ಳುವುದು. ಜನೌಷಧಿ ಅಂಗಡಿಯಲ್ಲಿ ಅದೇ ಸಿಗುತ್ತದೆಯೇ ಎಂದು ವಿಚಾರಿಸುವುದು. ಬಿಲ್ಲು ಪಡೆದು ಜೋಪಾನ ಮಾಡುವುದು. ದೊಡ್ಡ ಬೇನೆಯಾದರೆ ಸರಕಾರದ ವಿಮೆಯಲ್ಲಿ ಯಾವ ಔಷಧಿ ಇದೆ,

ಯಾವುದು ಇಲ್ಲ ಎಂದು ನಾಚದೆ ಕೇಳುವುದು. ಮನೆಯಲ್ಲಿ ಯಾರಾದರೊಬ್ಬ ಹೆಣ್ಣುಮಗಳು ಇದ್ದಕ್ಕಿದ್ದಂತೆ ತನಗೆ ಔಷಧಿ ಸಾಕಾಯಿತೆಂದರೆ, ಆಕೆಯ ಮಾತನ್ನು ಒಪ್ಪಿ ಸುಮ್ಮನಾಗದೆ ಒಮ್ಮೆ ಜೊತೆಗೆ ಹೋಗಿ ಡಾಕ್ಟರರನ್ನೇ ಕೇಳಿಬರುವುದು.

ಜೀವಕ್ಕೆ ಬೆಲೆ ಕಟ್ಟಬಾರದು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಕಂಪನಿ, ಸರಕಾರ, ಅಂಗಡಿ, ಮನೆ ಎಲ್ಲರೂ ದಿನಾಲು ಕಟ್ಟುತ್ತಲೇ ಇದ್ದಾರೆ. ಹುಡುಕಿದವನಿಗೆ ಅವನ ದುಡಿಮೆಯ ಪಾಲು ಸಲ್ಲಲಿ, ಹಣ ಹಾಕಿದವನಿಗೆ ನ್ಯಾಯವಾದ ಬಡ್ಡಿ ಸಲ್ಲಲಿ. ಅದನ್ನು ಕೊಡಲು ನಾವು ಕೃಪಣರಾಗಬೇಕಿಲ್ಲ. ಆದರೆ ಆ ಲೆಕ್ಕದ ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ತನ್ನ ಹೆಸರನ್ನು ತಾನೇ ಹೊಡೆದುಹಾಕಬೇಕಾಗಿ ಬಂದರೆ, ಮೇಲಿನ ಕೂಡಿಕೆ ಎಷ್ಟು ಸರಿಯಿದ್ದರೂ ಆ ಲೆಕ್ಕ ತಪ್ಪೇ.